ಹುಕ್ಕೇರಿಯ ಡಾಕ್ಟರ್ ಕೇಳಿದ ಪ್ರಶ್ನೆಗಳು

ಮೊದಲ ಸಲ ಹಾಗಾದದ್ದು ಒಂದು ಭಾನುವಾರ ಮಧ್ಯಾಹ್ನ. ಮಕ್ಕಳಿಬ್ಬರೂ ಗೋಕಾಕ ಫಾಲ್ಸ್‌ನಲ್ಲಿರುವ ಚಿಕ್ಕಮ್ಮನ ಮನೆಗೆ ಹೋಗಿದ್ದರು. ಗೋಕಾಕದ ನಮ್ಮ ಮನೆಯಲ್ಲಿ ನಾನು, ನನ್ನ ಹೆಂಡತಿ ಇಬ್ಬರೇ. ಮದುವೆಯಾಗಿ ಹದಿನೆಂಟು ವರ್ಷವಾಗಿತ್ತು, ನನಗೆ ನಲವತ್ತನಾಲ್ಕು. ಅಂಥ ಬಿಡುವು ನಮಗೆ ಸಿಗುತ್ತಿದ್ದುದೇ ಅಪರೂಪ. ಬಾಗಿಲು ಹಾಕಿಕೊಂಡೆವು. ಮನಸ್ಸಿನಲ್ಲಿ ಆಸೆ ಇತ್ತು, ಮೈ ಮಾತು ಕೇಳಲಿಲ್ಲ. ಕೊನೆಗೆ ಅವಳೇ, "ದಣದೀರಿ, ಮಲ್ಕೊಳ್ರಿ," ಎಂದು ಎದ್ದು ಹೋಗಿ ಚಹಾಕ್ಕಿಟ್ಟಳು.

ಅದನ್ನು ನಾನು ಬಿಸಿಲಿನ ತಲೆಗೆ ಕಟ್ಟಿದೆ. ಹದಿನೈದು ದಿನ ಬಿಟ್ಟು ಮತ್ತೆ ಹಾಗೇ ಆಯಿತು. ಆಗ ನಿದ್ದೆಗೆಟ್ಟದ್ದರ ತಲೆಗೆ ಕಟ್ಟಿದೆ. ಮೂರನೇ ಸಲಕ್ಕೆ ಕಟ್ಟಲು ಯಾವ ತಲೆಯೂ ಉಳಿದಿರಲಿಲ್ಲ. ಅಷ್ಟರಲ್ಲಿ ಇನ್ನೊಂದು ಸುರುವಾಗಿತ್ತು. ಅವಳ ಹತ್ತಿರ ಹೋಗುವ ಮೊದಲೇ ನನ್ನ ಎದೆ ಬಡಿದುಕೊಳ್ಳುತ್ತಿತ್ತು, ಅಂಗೈ ಬೆವರುತ್ತಿತ್ತು. ಆಗುತ್ತದೋ ಇಲ್ಲವೋ ಎಂದು ನನ್ನ ಮೈಯನ್ನು ನಾನೇ ಕಾಯುತ್ತ ಇರುತ್ತಿದ್ದೆ. ಕಾಯುತ್ತ ಕುಳಿತಷ್ಟೂ ಅದು ಆಗುತ್ತಿರಲಿಲ್ಲ.

ಆಮೇಲೆ ತಪ್ಪಿಸಿಕೊಳ್ಳುವುದೇ ಕೆಲಸವಾಯಿತು. ಗೊರಕೆ ಹೊಡೆಯುತ್ತೇನೆ, ನಿನ್ನ ನಿದ್ದೆ ಕೆಡುತ್ತದೆ ಎಂದು ಹೇಳಿ ಹಾಸಿಗೆಯನ್ನು ಪಡಸಾಲೆಗೆ ತಂದೆ. ಭಾನುವಾರ ಬಂತೆಂದರೆ ಮೂಡಲಗಿಯಲ್ಲಿ ಕೆಲಸ ಹುಟ್ಟಿಸಿಕೊಂಡು ಮನೆ ಬಿಡುತ್ತಿದ್ದೆ. ಹೆಂಡತಿ ಹೊಸ ಸೀರೆ ಉಟ್ಟರೆ ಹೆದರಿಕೆ, ಮಕ್ಕಳು ಊರಿಗೆ ಹೋಗುತ್ತೇವೆ ಎಂದರೆ ಹೆದರಿಕೆ. ಅವಳು ಪಕ್ಕದಲ್ಲಿ ಕುಳಿತು ನನ್ನ ಭುಜದ ಮೇಲೆ ಸುಮ್ಮನೆ ಕೈ ಇಟ್ಟರೂ, ಇದು ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂದು ನೀರು ಕುಡಿಯುವ ನೆಪ ಮಾಡಿ ಎದ್ದುಬಿಡುತ್ತಿದ್ದೆ.

ನನ್ನ ನೌಕರಿಯೂ ಎಂಥದ್ದು ನೋಡಿ. ಮೂಡಲಗಿ ಕಡೆಯ ಹಳ್ಳಿಗಳಲ್ಲಿ ನಾನು ಜಾನುವಾರು ಪರೀಕ್ಷಕ. ಜನ ದನದ ಡಾಕ್ಟರ್ ಎನ್ನುತ್ತಾರೆ. ಬೈಕಿಗೆ ವೀರ್ಯದ ಕಡ್ಡಿಗಳನ್ನು ತಣ್ಣಗಿಡುವ ಜಾಡಿ ಕಟ್ಟಿಕೊಂಡು, ಬೆದೆಗೆ ಬಂದ ಎಮ್ಮೆ ಆಕಳುಗಳಿಗೆ ಗರ್ಭ ಕಟ್ಟಿಸುವುದೇ ನನ್ನ ದಿನದ ಅರ್ಧ ಕೆಲಸ. ಮುದುಕಿಯರೂ ಸೊಸೆಯಂದಿರೂ ನನ್ನೆದುರು, "ಎಮ್ಮಿ ಬೆದಿಗಿ ಬಂದೈತ್ರಿ," "ಹೋದ ಸಲ ಗಬ್ಬ ನಿಂದರಲಿಲ್ರಿ," ಎಂದು ಸಂಕೋಚವಿಲ್ಲದೆ ಹೇಳುತ್ತಾರೆ. ನಾನೂ ಬಿಡಿಸಿ ಬಿಡಿಸಿ ಕೇಳುತ್ತೇನೆ. ಇಷ್ಟೆಲ್ಲ ಮಾತಾಡುವ ಬಾಯಿಗೆ ನನ್ನದೊಂದು ಮಾತು ಬರಲಿಲ್ಲ.

ಒಂದು ದಿನ ಮೂಡಲಗಿಯ ಚಹಾದಂಗಡಿಯಲ್ಲಿ ಯಾರೋ ಮುರಿದುಬಿದ್ದ ಮದುವೆಯೊಂದರ ಸುದ್ದಿ ತೆಗೆದರು. "ಅಂವ ಗಂಡಸ ಅಲ್ಲಂತ ಬಿಡ್ರಿ," ಎಂದ ಒಬ್ಬ. ಎಲ್ಲರೂ ನಕ್ಕರು. ನಾನೂ ನಕ್ಕೆ. ಬಹುಶಃ ಎಲ್ಲರಿಗಿಂತ ತುಸು ಹೆಚ್ಚೇ ನಕ್ಕೆ. ಬಸಿಯಲ್ಲಿ ಸುರಿದುಕೊಂಡಿದ್ದ ಚಹಾವನ್ನು ಹಾಗೇ ಬಿಟ್ಟು ಎದ್ದೆ.

ಬಸ್ ನಿಲ್ದಾಣಗಳ ಗೋಡೆಗಳ ಮೇಲೆ ಗುಪ್ತರೋಗಕ್ಕೆ ಖಾತ್ರಿ ಔಷಧ ಎಂಬ ಚೀಟಿಗಳನ್ನು ವರ್ಷಗಟ್ಟಲೆ ನೋಡಿದ್ದೆ, ನಿಂತು ಓದಿರಲಿಲ್ಲ. ಈಗ ಬಸ್ಸಿನ ವೇಳೆ ನೋಡುವವನ ಹಾಗೆ ನಟಿಸುತ್ತ ಓದತೊಡಗಿದೆ. ಕೊನೆಗೊಮ್ಮೆ, ತಿಂಗಳಿಗೊಂದು ದಿನ ಲಾಡ್ಜಿನ ಕೋಣೆಯಲ್ಲಿ ಕೂಡುವ ಒಬ್ಬನ ಹತ್ತಿರ ಹೋದೆ. ಯಾವ ಊರೆಂದು ಹೇಳುವುದಿಲ್ಲ. ಅವನು ನನ್ನ ನಾಡಿ ಹಿಡಿದು ಕಣ್ಣು ಮುಚ್ಚಿದ. "ಸಣ್ಣವರಿದ್ದಾಗ ಕೈಯಿಂದ ಧಾತು ಕಳಕೊಂಡೀರಿ. ಅದರ ಫಲ ಈಗ ಬಂದೈತಿ," ಎಂದ. ಆ ವಯಸ್ಸಿನ ಹುಡುಗರೆಲ್ಲ ಮಾಡುವುದನ್ನೇ ನಾನೂ ಮಾಡಿದ್ದೆ. ವೀರ್ಯ ಎಂದರೇನು, ಅದು ಹೇಗೆ ಹುಟ್ಟುತ್ತದೆ ಎಂದು ಸರಕಾರದ ಖರ್ಚಿನಲ್ಲಿ ತರಬೇತಿ ಪಡೆದವನು ನಾನು. ಆದರೂ ತಲೆ ತಗ್ಗಿಸಿ ಅವನ ಮಾತು ನಂಬಿದೆ. ಹೆದರಿದವನಿಗೆ ಏನು ಬೇಕಾದರೂ ನಂಬಿಸಬಹುದು.

ಅವನು ಕೊಟ್ಟ ಕಂದು ಪುಡಿಯ ಪೊಟ್ಟಣಗಳನ್ನು ನನ್ನ ಕೆಲಸದ ಪೆಟ್ಟಿಗೆಯಲ್ಲಿ, ರಬ್ಬರ್ ಕೈಗವಸುಗಳ ಕೆಳಗೆ ಬಚ್ಚಿಟ್ಟೆ. ಬೆಳಿಗ್ಗೆ ಹಾಲಿನಲ್ಲಿ ಕಲಸಿ ಕುಡಿಯುವುದು. ಒಂಬತ್ತನೇ ದಿನ ಬೈಕಿನ ಮೇಲೆ ಮೂಡಲಗಿಗೆ ಹೊರಟಿದ್ದೆ. ದಾರಿಯಲ್ಲಿ ಮುಖ ಕಾದ ಹಂಚಿನಂತಾಯಿತು. ತಲೆ ಸಿಡಿಯತೊಡಗಿತು. ಎದುರಿನ ಕಬ್ಬಿನ ಗದ್ದೆಯ ಮೇಲೆ ತೆಳ್ಳಗೆ ನೀಲಿ ಬಣ್ಣ ಕೂತಂತೆ ಕಂಡಿತು. ಗಾಡಿ ನಿಲ್ಲಿಸಿ ಬೇವಿನ ಮರದ ಬುಡದಲ್ಲಿ ಕುಳಿತೆ. ಎದೆಯ ಬಡಿತ ಕಿವಿಯಲ್ಲಿ ಕೇಳುತ್ತಿತ್ತು. ಸಾಯುತ್ತೇನೆ ಎಂದುಕೊಂಡೆ. ಅದಕ್ಕಿಂತ ಹೆಚ್ಚು ಕಾಡಿದ್ದು ಇನ್ನೊಂದು: ಇಲ್ಲಿ ಸತ್ತರೆ ಪೆಟ್ಟಿಗೆ ತೆಗೆದು ನೋಡುತ್ತಾರೆ, ಪೊಟ್ಟಣ ಸಿಗುತ್ತವೆ, ಎಲ್ಲರಿಗೂ ಗೊತ್ತಾಗುತ್ತದೆ. ಅರ್ಧ ತಾಸಿಗೆ ಎದೆ ಹತೋಟಿಗೆ ಬಂತು. ಪೊಟ್ಟಣಗಳನ್ನೆಲ್ಲ ಹರಿದು ಕಾಲುವೆಯ ನೀರಿಗೆ ಚೆಲ್ಲಿದೆ.

ಅದೇ ವಾರ ಮೂಡಲಗಿ ಹತ್ತಿರದ ಹೊಲವೊಂದರಲ್ಲಿ ಹಿಂಡು ತರುಬಿ ನಿಲ್ಲಿಸಿದ್ದ ಕುರಿಗಾರನೊಬ್ಬ ಫೋನು ಮಾಡಿ ಕರೆಸಿದ. ನನಗಿಂತ ಹಿರಿಯ. ಬಲಿಷ್ಠವಾದ ಟಗರೊಂದನ್ನು ಬೇರೆ ಕಟ್ಟಿದ್ದ.

"ಸಾಹೇಬ್ರ, ಇದು ಕುರಿ ಮ್ಯಾಲ ಹತ್ತವಲ್ದ್ರಿ. ಎರಡ ತಿಂಗಳಾತು. ಸುಮ್ನ ನಿಂತ ನೋಡತೈತಿ. ಕಟಕರಿಗೆ ಕೊಟ್ಟಬಿಡೂನು ಅಂತ ಮಾಡೇನಿ," ಎಂದ.

ನಾನು ಟಗರಿನ ಹಲ್ಲು ನೋಡಿದೆ, ಬೀಜ ಮುಟ್ಟಿ ನೋಡಿದೆ, ನಾಲ್ಕು ಹೆಜ್ಜೆ ನಡೆಸಿದೆ. ಹಿಂಗಾಲಿನ ಗೊರಸಿನ ಸಂದಿಯಲ್ಲಿ ಕೀವು ತುಂಬಿತ್ತು. ಅಂಥ ಕಾಲಿನ ಮೇಲೆ ಭಾರ ಹಾಕಿ ಅದು ಏರುವುದಾದರೂ ಹೇಗೆ? ಗಾಯ ತೊಳೆದು ಔಷಧ ಹಾಕಿ ಅವನಿಗೆ ಹೇಳಿದೆ: "ಇದಕ್ಕೇನೂ ಆಗಿಲ್ರಿ. ಕಾಲ ನೋಯತೈತಿ. ತ್ರಾಸ ಒಂದ ಕಡೆ ಇರತೈತಿ, ಕಾಣೂದು ಇನ್ನೊಂದ ಕಡೆ. ಏನಂತ ನೋಡದ ಮಾರಾಕ ಹೋಗಬ್ಯಾಡ್ರಿ."

ಆ ಮಾತು ನನ್ನ ಬಾಯಿಂದ ಬಂದದ್ದು ನನಗೇ ಕೇಳಿಸಿತು. ಗೋಕಾಕಕ್ಕೆ ಮರಳುವ ದಾರಿಯುದ್ದಕ್ಕೂ ಅದೇ ತಲೆಯಲ್ಲಿತ್ತು. ಒಂದು ಕುರಿಯ ವಿಷಯದಲ್ಲಿ ಕಾರಣ ಹುಡುಕುವವನು, ನನ್ನ ವಿಷಯದಲ್ಲಿ ಪಾಪ ಹುಡುಕಿದ್ದೆ. ಡಾಕ್ಟರಿಗೆ ತೋರಿಸಬೇಕೆಂದು ನಿಶ್ಚಯಿಸಿದೆ. ನಿಶ್ಚಯಿಸಿದ್ದಷ್ಟೇ. ಗೋಕಾಕದ ಒಂದು ದವಾಖಾನೆಯ ಮುಂದೆ ಎರಡು ಸಲ ಹೋದೆ. ಒಮ್ಮೆ ಒಳಗೆ ಪರಿಚಯದವರು ಕೂತಿದ್ದರು. ಇನ್ನೊಮ್ಮೆ ಯಾರೂ ಇರಲಿಲ್ಲ, ಆದರೂ ಮೆಟ್ಟಿಲು ಹತ್ತದೆ ತಿರುಗಿ ಬಂದೆ.

ಆ ಭಾನುವಾರದಿಂದ ಹತ್ತು ತಿಂಗಳು ಹೀಗೇ ಕಳೆದವು. ಹೆಂಡತಿಯ ತವರು ಹತ್ತರಗಿ. ಅಲ್ಲಿ ಅವಳ ತಮ್ಮನ ಕೂಸಿಗೆ ಹೆಸರಿಡುವ ಕಾರ್ಯ ಇತ್ತು. ಇಬ್ಬರೂ ಬಸ್ಸಿಗೆ ಹೋದೆವು. ಹೆದ್ದಾರಿಯ ಬದಿಗೆ ಇಳಿದು ಊರ ಕಡೆ ನಡೆಯತೊಡಗಿದಾಗ, ಅವಳು ತೊಟ್ಟಿಲ ಬಟ್ಟೆಯ ಚೀಲವನ್ನು ಕೆಳಗಿಟ್ಟು ನಿಂತಳು.

"ಒಂದ ಮಾತ ಕೇಳತೇನಿ. ಸಿಟ್ಟಿಗೇಳಬ್ಯಾಡ್ರಿ."

"ಕೇಳ."

"ಮೂಡಲಗಿಯಾಗ ಯಾರರ ಅದಾರೇನ್ರಿ?"

ಒಂದು ಲಾರಿ ಹೋಯಿತು, ಹಿಂದೆಯೇ ಇನ್ನೊಂದು. ಇಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಖರೆ ಸಂಗತಿ: ಹೌದು ಎಂದುಬಿಡೋಣ ಎಂದು ಆ ಕ್ಷಣ ನನಗೆ ಅನ್ನಿಸಿತ್ತು. ಇನ್ನೊಬ್ಬಳಿದ್ದಾಳೆ ಎಂದು ಒಪ್ಪಿಕೊಳ್ಳುವುದು, ನನ್ನಿಂದ ಆಗುತ್ತಿಲ್ಲ ಎಂದು ಒಪ್ಪಿಕೊಳ್ಳುವುದಕ್ಕಿಂತ ಸುಲಭವಾಗಿ ಕಂಡಿತ್ತು. ಅವಳ ಮುಖ ನೋಡಿದೆ. ಕಣ್ಣು ಒಣಗಿದ್ದವು.

"ಯಾರೂ ಇಲ್ಲ," ಎಂದೆ. "ನಂಗ ಆಗವಲ್ದು."

"ಏನ ಆಗವಲ್ದು?"

"ಆ ಐತವಾರ ಆಗಲಿಲ್ಲಲ. ಅವತ್ತಿಂದ ಹಂಗ ಐತಿ."

ಸಮಾಧಾನ ಮಾಡುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ಬಂದದ್ದು ಸಿಟ್ಟು.

"ಹತ್ತ ತಿಂಗಳು," ಎಂದಳು. "ಹತ್ತ ತಿಂಗಳು ನಾ ಕನ್ನಡ್ಯಾಗ ನನ್ನ ಮಾರಿ ನೋಡಕೋತ ಕುಂತೇನ್ರಿ. ನಾ ನಿಮಗ ಬ್ಯಾಡಾಗೇನಿ ಅಂತ. ಇಷ್ಟ ಹೇಳಾಕ ನಿಮಗ ಬಾಯಿ ಇರಲಿಲ್ಲೇನು?"

ನನ್ನ ನಾಚಿಕೆಯೊಳಗೆ ನಾನು ಮುಳುಗಿಹೋಗಿದ್ದೆ. ಅದೇ ಮನೆಯಲ್ಲಿ ಅವಳೂ ಒಬ್ಬಳೇ ಹೆದರುತ್ತ ಕುಳಿತಿರಬಹುದೆಂಬುದು ನನಗೆ ಹೊಳೆದೇ ಇರಲಿಲ್ಲ. ಚೀಲ ಎತ್ತಿಕೊಂಡು ನಡೆಯುತ್ತ ಅವಳು ಬೇರೆ ದನಿಯಲ್ಲಿ ಮಾತಾಡಿದಳು: "ಎಷ್ಟ ನೀರ ಕುಡಿಯಾಕತ್ತೀರಿ ನೋಡ್ಕೊಂಡೀರೇನು? ಪ್ಯಾಂಟ್ ಎಲ್ಲಾ ಸಡಲ ಆಗ್ಯಾವು. ಮಾವಗ ಸಕ್ಕರಿ ಬ್ಯಾನಿ ಬಂದಾಗೂ ಹಿಂಗ ಆಗಿತ್ತಂತ ಅತ್ತಿ ಹೇಳತಿದ್ರು. ನಮ್ಮವ್ವ ಬಿಪಿ ತೋರಸಾಕ ಹುಕ್ಕೇರಿಗೆ ಹೋಗತಾಳಲ್ಲ, ಆ ಡಾಕ್ಟರ್ ಕಡೆ ನಾಳೆ ಹೋಗೂನು."

ಮರುದಿನ ಬೆಳಿಗ್ಗೆ ಹುಕ್ಕೇರಿಗೆ ಹೋದೆವು. ಡಾಕ್ಟರ್ ಹೆಂಗಸು ಎಂದು ನನ್ನ ಹೆಂಡತಿ ಹೇಳಿರಲಿಲ್ಲ. ಐವತ್ತರ ಆಸುಪಾಸಿನವರು, ದಪ್ಪ ಕನ್ನಡಕ. ನಾನು ಬಾಗಿಲಲ್ಲೇ ನಿಂತೆ. ಹಿಂದೆ ಹೆಂಡತಿ ನಿಂತಿದ್ದರಿಂದ ಹೊರಗೆ ಹೋಗಲು ದಾರಿಯಿರಲಿಲ್ಲ.

"ಕೂಡ್ರಿ. ಏನ ತ್ರಾಸ?" ಎಂದರು.

"ಸುಸ್ತು," ಎಂದೆ.

"ಸುಸ್ತ ಅಲ್ರಿ, ಖರೆ ಹೇಳ್ರಿ," ಎಂದಳು ಹೆಂಡತಿ.

ಗೋಡೆಯ ಮೇಲಿನ ಕ್ಯಾಲೆಂಡರು ನೋಡುತ್ತ ಹೇಳಿದೆ. ಡಾಕ್ಟರ್ ಮುಖದಲ್ಲಿ ನಗುವೂ ಇಲ್ಲ, ಕನಿಕರವೂ ಇಲ್ಲ. ಕೆಮ್ಮು ಎಂದು ಹೇಳಿದ್ದರೆ ಹೇಗೆ ಬರೆದುಕೊಳ್ಳುತ್ತಿದ್ದರೋ ಹಾಗೇ ಬರೆದುಕೊಂಡು ಪ್ರಶ್ನೆ ಕೇಳತೊಡಗಿದರು. ಒಮ್ಮೆಲೇ ಸುರುವಾಯಿತೋ, ಬರಬರುತ್ತ ಹೆಚ್ಚಾಯಿತೋ? ಬೆಳಿಗ್ಗೆ ಏಳುವಾಗ ತಾನಾಗಿಯೇ ನಿಮಿರಿರುತ್ತದೆಯೋ? ಮನಸ್ಸಿನಲ್ಲಿ ಆಸೆ ಇದೆಯೋ, ಅದೂ ಹೋಗಿದೆಯೋ? ಪಾದ ಜುಮು ಜುಮು ಎನ್ನುತ್ತವೆಯೇ? ಮೆಟ್ಟಿಲು ಹತ್ತುವಾಗ ಎದೆ ಹಿಡಿಯುತ್ತದೆಯೇ? ತಂಬಾಕು? ಕುಡಿತ? ನಿದ್ದೆ ಹೇಗಿದೆ? ಬೇರೆ ಯಾವುದಕ್ಕಾದರೂ ಗುಳಿಗೆ ತಿನ್ನುತ್ತೀರೋ?

ಬೆಳಗಿನ ಪ್ರಶ್ನೆಗೆ ನಾನು ತಡವರಿಸಿದೆ. ಅದು ನಿಂತು ವರ್ಷದ ಮೇಲಾಗಿತ್ತು, ನಾನದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ತಂಬಾಕು ಇಪ್ಪತ್ತು ವರ್ಷದಿಂದ ದವಡೆಯಲ್ಲಿತ್ತು. ಪುಡಿಯ ಸಂಗತಿಯನ್ನೂ ಹೇಳಿದೆ. ಅದನ್ನು ಹೆಂಡತಿ ಆಗಲೇ ಮೊದಲ ಬಾರಿ ಕೇಳಿದ್ದು. ಅವಳು ನನ್ನ ಕಡೆ ತಿರುಗಲಿಲ್ಲ.

"ನೀಲಿ ಕಂಡಿತ್ತಂದ್ರ ಆ ಪುಡ್ಯಾಗ ಇದಕ್ಕಂತ ಇರೂ ಇಂಗ್ಲಿಷ್ ಗುಳಿಗಿ ಅರದ ಹಾಕಿರಬೇಕು," ಎಂದರು ಡಾಕ್ಟರ್. "ಎಷ್ಟ ಹಾಕ್ಯಾರ ಅಂತ ಹಾಕಿದಾಂವಗೂ ಗೊತ್ತಿರೂದಿಲ್ಲ. ನಿಮ್ಮ ನಸೀಬ ಚಲೋ ಇತ್ತು. ಮತ್ತ ಸಣ್ಣವರಿದ್ದಾಗ ಮಾಡಿದ್ದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ. ಅದನ್ನ ತಲಿಯಿಂದ ತಗೀರಿ."

ಬಿಪಿ ನೋಡಿದರು, ಪಾದಗಳನ್ನು ಪಿನ್ನಿನ ಮೊನೆಯಿಂದ ಚುಚ್ಚಿ ಗೊತ್ತಾಗುತ್ತದೆಯೇ ಎಂದು ಕೇಳಿದರು, ಪರದೆಯ ಹಿಂದೆ ಕರೆದು ಪರೀಕ್ಷೆ ಮಾಡಿದರು, ಎದೆಯ ಇಸಿಜಿ ಪಟ್ಟಿ ತೆಗೆಸಿದರು. ಉಪವಾಸದ ಸಕ್ಕರೆ, ಮೂರು ತಿಂಗಳ ಸರಾಸರಿ ಸಕ್ಕರೆ, ಕೊಬ್ಬು, ಗಂಡಸರ ಹಾರ್ಮೋನು, ಎಲ್ಲಕ್ಕೂ ರಕ್ತ ಕೊಟ್ಟೆ. ಎರಡು ದಿನ ಬಿಟ್ಟು ಬನ್ನಿ ಎಂದರು. ಆ ಎರಡು ದಿನ ನಾನು ಊಟ ಮಾಡಿದ್ದು ನೆನಪಿಲ್ಲ.

ಹಾರ್ಮೋನು ಸರಿಯಿತ್ತು. ಸಕ್ಕರೆ ವಿಪರೀತವಿತ್ತು, ಕೊಬ್ಬೂ ಹೆಚ್ಚಿತ್ತು. ಡಾಕ್ಟರ್ ಕಾಗದದ ಮೇಲೆ ಪೆನ್ನಿನಿಂದ ಎರಡು ಕೊಳವೆ ಬರೆದರು, ಒಂದು ದಪ್ಪ, ಒಂದು ಸಣ್ಣ.

"ನಿಮಿರಬೇಕಂದ್ರ ರಕ್ತ ಒಳಗ ತುಂಬಬೇಕು, ತುಂಬಿದ್ದು ಅಲ್ಲೇ ನಿಂದರಬೇಕು. ಅಲ್ಲಿ ನಾಳ ಭಾಳ ಸಣ್ಣವು. ಸಕ್ಕರಿ, ತಂಬಾಕು, ಕೊಬ್ಬು ಮೊದ್ಲ ಸಣ್ಣ ನಾಳಾನ ಕೆಡಸತಾವು. ನರಾನೂ ಮಂದ ಮಾಡತಾವು. ಇವತ್ತ ಅಲ್ಲಿ ಆಗಿದ್ದು ನಾಳೆ ಎದಿಯಾಗ ಆಗಬಹುದು. ಅದಕ್ಕ ಇದನ್ನ ನಾಚಿಗಿ ವಿಷಯ ಅನ್ಕೋಬ್ಯಾಡ್ರಿ, ಮುಂಚೆನ ಬಂದ ಸೂಚನಾ ಅನ್ಕೋರಿ."

"ಮತ್ತ ಹೆದರಿಕಿ?" ಎಂದು ಹೆಂಡತಿ ಕೇಳಿದಳು. "ಇವರು ಭಾಳ ಹೆದರತಾರ್ರಿ."

"ಅದೂ ಒಂದ ಕಾರಣ. ಹೆದರಿದ ಮೈ ಓಡಾಕ ತಯಾರಾಗತೈತಿ, ರಕ್ತ ಎಲ್ಲಾ ಕೈಕಾಲಿಗೆ ಹೋಗತೈತಿ. ಸಕ್ಕರಿಯಿಂದ ಅರ್ಧ ಕೆಟ್ಟಿತ್ತು, ಉಳಿದರ್ಧ ಹೆದರಿಕಿ ಕೆಡಿಸೇತಿ. ಕೆಲವರಿಗೆ ಬರೇ ಹೆದರಿಕಿಯಿಂದನ ಆಗತೈತಿ, ಕೆಲವರಿಗೆ ತಿನ್ನೂ ಗುಳಿಗಿಯಿಂದ. ಅದಕ್ಕ ಅಷ್ಟೆಲ್ಲಾ ಕೇಳಿದ್ದು."

ಸಕ್ಕರೆಗೆ ಗುಳಿಗೆ ಬರೆದರು. ದಿನಾ ಮುಕ್ಕಾಲು ತಾಸು ನಡೆಯಬೇಕು, ತಂಬಾಕು ಬಿಡಬೇಕು ಎಂದರು. ಹೃದಯದ ಪರೀಕ್ಷೆಯೊಂದಕ್ಕೆ ಬೆಳಗಾವಿಗೆ ಕಳಿಸಿದರು. ಅಲ್ಲಿ ಓಡುವ ಪಟ್ಟಿಯ ಮೇಲೆ ನಡೆಸಿ, ಚಿಂತೆಯಿಲ್ಲ ಎಂದರು. ಅದರ ಕಾಗದ ಕಂಡ ಮೇಲೆಯೇ ಹುಕ್ಕೇರಿಯ ಡಾಕ್ಟರ್ ನಿಮಿರಲು ನೆರವಾಗುವ ಇನ್ನೊಂದು ಗುಳಿಗೆ ಬರೆದದ್ದು. ಅದನ್ನು ಹೇಗೆ ತೆಗೆದುಕೊಳ್ಳಬೇಕೆಂದು ಇಬ್ಬರನ್ನೂ ಕೂರಿಸಿ ಹೇಳಿದರು. ಒಂದು ತಾಸು ಮೊದಲು. ಹೊಟ್ಟೆ ತುಂಬ ಎಣ್ಣೆ ತುಪ್ಪ ಉಂಡ ಮೇಲೆ ಅಲ್ಲ. ಗುಳಿಗೆ ನುಂಗಿದ ಮಾತ್ರಕ್ಕೆ ತಾನಾಗಿ ಏನೂ ಆಗುವುದಿಲ್ಲ, ಮನಸ್ಸು ಬೇಕು, ಮುಟ್ಟುವುದು ಬೇಕು. ನಾವಾಗಿ ಡೋಸು ಹೆಚ್ಚಿಸಬಾರದು. ನಾಲ್ಕು ತಾಸಾದರೂ ಇಳಿಯದಿದ್ದರೆ ನಾಚದೆ ದವಾಖಾನೆಗೆ ಓಡಬೇಕು. ಇದು ಹತ್ತದಿದ್ದರೆ ಬೇರೆ ಉಪಾಯಗಳೂ ಇವೆ, ಎದೆಗುಂದಬಾರದು.

"ಇನ್ನೊಂದ," ಎಂದರು. "ಎದಿನೋವಿಗೆ ನಾಲಗಿ ಕೆಳಗ ಇಡೂ ಗುಳಿಗಿ ಇರತಾವಲ್ಲ, ಅಂಥಾವು ತಗೊಳ್ಳೂವರು ಇದನ್ನ ಮುಟ್ಟಬಾರದು. ಎರಡೂ ಕೂಡಿದ್ರ ಬಿಪಿ ಒಮ್ಮಿಗೆ ಇಳದ ಜೀವಾನ ಹೋಗಬಹುದು. ನಿಮ್ಮ ಮನ್ಯಾಗ ಯಾರಿಗರ ಎದಿ ಬ್ಯಾನಿ ಐತೇನು?"

ಇತ್ತು. ನನ್ನ ಅಣ್ಣನಿಗೆ. ಅವನು ಮೂಡಲಗಿ ಹತ್ತಿರದ ನಮ್ಮ ಊರಲ್ಲೇ ಹೊಲ ನೋಡಿಕೊಂಡು ಇದ್ದಾನೆ. ನನಗಿಂತ ಎಂಟು ವರ್ಷ ದೊಡ್ಡವನು. ಎರಡು ವರ್ಷದ ಹಿಂದೆ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದ. ನಾಲಗೆಯ ಕೆಳಗಿಡುವ ಗುಳಿಗೆಯ ಡಬ್ಬಿ ಅವನ ಅಂಗಿಯ ಕಿಸೆಯಲ್ಲಿ ಯಾವಾಗಲೂ ಇರುತ್ತದೆ.

ಹೊಸ ಗುಳಿಗೆಯನ್ನು ಮೊದಲ ಸಲ ತೆಗೆದುಕೊಂಡದ್ದು ಹೋಳಿಗೆ ಊಟ ಹೊಡೆದ ದಿನ. ಡಾಕ್ಟರ್ ಬೇಡವೆಂದದ್ದನ್ನೇ ಮಾಡಿದ್ದೆ. ಏನೂ ಆಗಲಿಲ್ಲ. ಮುಗಿಯಿತು, ಇನ್ನು ಔಷಧವೂ ಇಲ್ಲ ಎಂದು ಗೋಡೆ ಕಡೆ ತಿರುಗಿದೆ. ಹೆಂಡತಿ, "ತುಪ್ಪ ನಾನ ಬಡಿಸಿದ್ನೆಲ್ಲ, ನನ್ನ ಬೈರಿ," ಎಂದು ನಕ್ಕಳು. ನನಗೂ ನಗು ಬಂತು. ಆ ಕೋಣೆಯಲ್ಲಿ ನಾವು ನಕ್ಕು ವರ್ಷವಾಗಿತ್ತು. ಮುಂದಿನ ವಾರ ಆಯಿತು. ಪೂರ್ತಿ ಮೊದಲಿನಂತೆ ಅಲ್ಲ, ಆದರೆ ಆಯಿತು.

ಮೈ ಹಗುರಾದ ಮೇಲೆ ಅಣ್ಣನ ಚಿಂತೆ ಹತ್ತಿತು. ನನ್ನ ಸಕ್ಕರೆಯೂ ಅವನ ಎದೆಬೇನೆಯೂ ಒಂದೇ ಮನೆತನದ್ದು. ನನಗಾದದ್ದು ಅವನಿಗೂ ಆಗಿದ್ದರೆ? ನನ್ನ ಹಾಗೆ ಅವನೂ ಯಾರನ್ನೂ ಕೇಳದೆ ಏನಾದರೂ ನುಂಗಿಬಿಟ್ಟರೆ? ಆದರೆ ಅಣ್ಣನೆದುರು ನಾನು ಇಂದಿಗೂ ಕಾಲ ಮೇಲೆ ಕಾಲು ಹಾಕಿ ಕೂತವನಲ್ಲ. ಅವನ ಮುಂದೆ ಈ ಮಾತು ತೆಗೆಯುವುದು ಹೇಗೆ? ನಾಲ್ಕು ದಿನ ಫೋನು ಕೈಯಲ್ಲಿ ಹಿಡಿದು ಇಟ್ಟುಬಿಟ್ಟೆ. ಐದನೇ ದಿನ ಮೂಡಲಗಿಯ ಕೆಲಸ ಮುಗಿಸಿ ನೇರ ಹೊಲಕ್ಕೆ ಹೋದೆ.

ಅವನು ಬಾವಿಯ ಹತ್ತಿರ ಪೈಪು ಜೋಡಿಸುತ್ತಿದ್ದ. ನಾನು ಪೈಪಿನ ಇನ್ನೊಂದು ತುದಿ ಹಿಡಿದುಕೊಂಡೆ. ಹಾಗೆ ಹಿಡಿದುಕೊಂಡೇ ನನಗೆ ಏನಾಗಿತ್ತೆಂದು, ಡಾಕ್ಟರ್ ಏನು ಹೇಳಿದರೆಂದು ಹೇಳಿದೆ. ಅಣ್ಣ ತಲೆಯೆತ್ತಲಿಲ್ಲ. ಕೊನೆಗೆ, "ನಿಮಗೇನ ಕೇಳಾಕ ಬಂದಿಲ್ಲಣ್ಣ. ಆ ಗುಳಿಗಿ ಮಾತ್ರ ನೀವು ತಗೋಬ್ಯಾಡ್ರಿ. ಇಷ್ಟ ಹೇಳಾಕ ಬಂದೇನಿ," ಎಂದೆ.

ಅವನು ಪೈಪು ಕೆಳಗಿಟ್ಟ. ಪಂಪಿನ ಗುಡಿಸಲೊಳಗೆ ಹೋಗಿ, ಗೋಡೆಯ ಮಾಡದಲ್ಲಿದ್ದ ಬೀಜದ ಪಾಕೀಟಿನಿಂದ ಒಂದು ಪಟ್ಟಿ ತಂದು ನನ್ನ ಕೈಯಲ್ಲಿಟ್ಟ. ಅಂಥವೇ ನಾಲ್ಕು ಗುಳಿಗೆ, ನಾಲ್ಕೂ ಹಾಗೇ ಇದ್ದವು.

"ಸಂತಿಯಾಗ ಗೆಳ್ಯಾ ಒಬ್ಬಾಂವ ಕೊಟ್ಟಿದ್ದ," ಎಂದ. "ಎಂಟ ದಿನಾತು. ಧೈರ್ಯ ಆಗಿರಲಿಲ್ಲ."

ಬಾವಿಯ ಕಟ್ಟೆಯ ಮೇಲೆ ಕುಳಿತೆ. ಅವನೂ ಪಕ್ಕದಲ್ಲಿ ಬಂದು ಕುಳಿತ.

"ನಂದು ಎದಿ ನೋಯೂಕಿಂತ ಒಂದ ವರ್ಷ ಮೊದ್ಲ ಸುರು ಆಗಿತ್ತಪಾ," ಎಂದ. "ವಯಸ್ಸಾತು ಅನ್ಕೊಂಡಿದ್ದೆ. ಅವಾಗ ಯಾರರ ಹೇಳಿದ್ರ..."

ಮುಂದಿನ ವಾರ ಅವನನ್ನು ಹುಕ್ಕೇರಿಗೆ ಕರೆದುಕೊಂಡು ಹೋದೆ. ಒಳಗೆ ಅವನು, ಅತ್ತಿಗೆ ಹೋದರು. ನಾನು ಹೊರಗೆ ಬೆಂಚಿನ ಮೇಲೆ ಕುಳಿತೆ. ಆ ಗುಳಿಗೆ ಅವನಿಗೆ ಸದ್ಯ ಆಗದು, ಎದೆಯ ಡಾಕ್ಟರನ್ನು ಕೇಳದೆ ಏನನ್ನೂ ಸುರು ಮಾಡಬಾರದು, ಬೇಕಾದರೆ ಬೇರೆ ಸಾಧನವಿದೆ ಎಂದು ಹೇಳಿದರಂತೆ. ಬೇಕೋ ಬೇಡವೋ ಎಂಬುದನ್ನು ಅವನು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಸ್ಸಿನಲ್ಲಿ ಅವನೂ ಅತ್ತಿಗೆಯೂ ಒಂದೇ ಸೀಟಿನಲ್ಲಿ ಕೂತು ಸಣ್ಣ ದನಿಯಲ್ಲಿ ಏನೋ ಮಾತಾಡುತ್ತಿದ್ದರು.

ನನ್ನ ಹೆದರಿಕೆ ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಕೆಲವು ಸಲ ಗುಳಿಗೆ ಬೇಕಾಗುವುದಿಲ್ಲ, ಕೆಲವು ಸಲ ಗುಳಿಗೆಯಿದ್ದೂ ಆಗುವುದಿಲ್ಲ. ಆಗದ ದಿನ ಹಾಗೆಂದು ಬಾಯಿಬಿಟ್ಟು ಹೇಳುತ್ತೇನೆ. ಮಲಗುವುದು ಈಗ ಕೋಣೆಯಲ್ಲೇ. ತಂಬಾಕು ಎರಡು ಬಾರಿ ಬಿಟ್ಟು ಎರಡು ಬಾರಿ ಹಿಡಿದು ಈಗ ಮೂರನೇ ಬಾರಿ ಬಿಟ್ಟಿದ್ದೇನೆ. ಮೂರು ತಿಂಗಳಿಗೊಮ್ಮೆ ರಕ್ತ ಕೊಟ್ಟು ಬಂದು, ಸಕ್ಕರೆಯ ಅಂಕಿ ಏನು ಬರುತ್ತದೋ ಎಂದು ಕಾಯುತ್ತೇನೆ. ಇದನ್ನು ಬರೆಯುತ್ತಿರುವ ಇಂದೂ ಅಂಥದೇ ದಿನ. ಸಂಜೆ ನಾಲ್ಕರ ಮೇಲೆ ರಿಪೋರ್ಟು ಕೊಡುತ್ತೇವೆ ಎಂದಿದ್ದಾರೆ. ಹೆಂಡತಿ ಆಗಲೇ ಎರಡು ಸಲ ಗಡಿಯಾರ ನೋಡಿದ್ದಾಳೆ.